ಟಿಟಿಯೋ, ಮಿನಿ ಬಸ್ಸೋ, ದೊಡ್ಡ ಬಸ್ಸೋ? ಉಡುಪಿಯಿಂದ ಗುಂಪಾಗಿ ಹೊರಡುವವರಿಗೆ

ಉಡುಪಿಯಲ್ಲಿ ಬಾಡಿಗೆ ಗಾಡಿಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆ, "ಎಷ್ಟು ಜನ ಮಾರಾಯ್ರೆ?" ಎರಡನೆಯದು, "ಎಸಿ ಬೇಕಾ, ಬೇಡ್ವಾ?" ಇವೆರಡಕ್ಕೆ ಉತ್ತರ ಸಿಕ್ಕಿದ ಕೂಡಲೇ ರೇಟ್ ಬರುತ್ತದೆ. ನಾವೂ ಮೂರು ಕಡೆ ರೇಟ್ ಕೇಳಿ, ಕಡಿಮೆ ಹೇಳಿದವರಿಗೆ ಅಡ್ವಾನ್ಸ್ ಹಾಕಿಬಿಡುತ್ತೇವೆ.

ನನ್ನ ಪ್ರಕಾರ ಈ ಕ್ರಮ ಪೂರ್ತಿ ಉಲ್ಟಾ. ಮೊದಲು ನೋಡಬೇಕಾದ್ದು ದಾರಿ. ಆಮೇಲೆ, ಹೊರಟವರಲ್ಲಿ ಎಲ್ಲರಿಗಿಂತ ವಯಸ್ಸಾದವರು ಯಾರು, ಅವರಿಗೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂಬುದು. ತಲೆ ಎಣಿಸುವುದು ಮೂರನೆಯದು. ರೇಟ್ ಮಾತಾಡುವುದು ಎಲ್ಲ ಮುಗಿದ ಮೇಲೆ. ಘಾಟಿ ಒಂದು ಕಡೆ, ಕಡಲು ಇನ್ನೊಂದು ಕಡೆ ಇರುವ ಊರಿನಲ್ಲಿ ಇದು ಇನ್ನೂ ಮುಖ್ಯ. ಬಯಲುಸೀಮೆಯಲ್ಲಾದರೆ ಯಾವ ಗಾಡಿ ಹಿಡಿದರೂ ಊರು ಮುಟ್ಟುತ್ತದೆ. ಇಲ್ಲಿ ಹಾಗಲ್ಲ.

ಮೊದಲು, ಏನೇನು ಸಿಗುತ್ತದೆ

ಟಿಟಿ ಅಂದರೆ ಟೆಂಪೋ ಟ್ರಾವೆಲರ್. 12, 17, 20 ಸೀಟಿನವು ಜಾಸ್ತಿ ಓಡುತ್ತವೆ, 26 ಸೀಟಿನದ್ದೂ ಇದೆ. "12+1" ಅಂದರೆ ಆ ಒಂದು ಡ್ರೈವರ್ ಸೀಟು. ಅದನ್ನೂ ಸೇರಿಸಿ 13 ಜನ ಅಂತ ಎಣಿಸಿಕೊಳ್ಳಬೇಡಿ.

ಮಿನಿ ಬಸ್ ಎಂದರೆ ಸಾಮಾನ್ಯವಾಗಿ 21ರಿಂದ 33 ಸೀಟು. ದೊಡ್ಡ ಬಸ್ಸಿನಲ್ಲಿ 40ರಿಂದ 50ರ ಆಸುಪಾಸು. ದೊಡ್ಡದರಲ್ಲೇ ಮೂರು ಬಗೆ. ಒಂದು, ಪುಶ್‌ಬ್ಯಾಕ್ ಸೀಟಿನ ಖಾಸಗಿ ಟೂರಿಸ್ಟ್ ಬಸ್. ಎರಡು, ಕೆಎಸ್‌ಆರ್‌ಟಿಸಿ ಬಾಡಿಗೆಗೆ ಕೊಡುವ ಬಸ್, ಡಿಪೋದಲ್ಲಿ ಕೇಳಿದರೆ ಕ್ಯಾಶುಯಲ್ ಕಾಂಟ್ರಾಕ್ಟ್ ಅನ್ನುತ್ತಾರೆ. ಮೂರು, ನಮ್ಮ ಕರಾವಳಿಯಲ್ಲಿ ದಿನವೂ ಓಡುವ ಸರ್ವಿಸ್ ಬಸ್. ಮದುವೆ ದಿಬ್ಬಣಕ್ಕೆ ಇದನ್ನು ಹಿಡಿಯುವುದು ಇಲ್ಲಿ ಹಳೆಯ ರೂಢಿ.

ಸರ್ವಿಸ್ ಬಸ್ಸನ್ನು ಕೆಲವರು ಕೀಳಾಗಿ ನೋಡುತ್ತಾರೆ. ನಾನು ಹಾಗೆ ನೋಡುವುದಿಲ್ಲ. ಮನೆಯಿಂದ ಹಾಲ್‌ಗೆ, ಹಾಲ್‌ನಿಂದ ಮನೆಗೆ, ಹೆಚ್ಚೆಂದರೆ ಒಂದು ಗಂಟೆಯ ದಾರಿ ಇದ್ದರೆ ಅದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಬಾಗಿಲು ಅಗಲ, ಹತ್ತಿ ಇಳಿಯುವುದು ಬೇಗ. ಡ್ರೈವರ್‌ಗೆ ಊರಿನ ಪ್ರತಿ ತಿರುವು ಗೊತ್ತು. ಆದರೆ ಸೀಟು ನೆಟ್ಟಗಿನದ್ದು, ಸಾಮಾನು ಇಡಲು ಜಾಗ ಕಡಿಮೆ. ನಾಲ್ಕೈದು ಗಂಟೆಯ ಪ್ರಯಾಣಕ್ಕೆ ಅದು ಬೇಡ. ಇನ್ನೊಂದು ವಿಷಯ: ಲೈನಿನಲ್ಲಿ ಓಡುವ ಬಸ್ಸನ್ನು ದಿಬ್ಬಣಕ್ಕೆ ಬಿಡಬೇಕಾದರೆ ಮಾಲಕರು ಆರ್‌ಟಿಒದಿಂದ ಸ್ಪೆಷಲ್ ಪರ್ಮಿಟ್ ತೆಗೆಸಬೇಕು. "ಅದೆಲ್ಲ ನಾವು ನೋಡ್ತೇವೆ" ಎಂದರೆ ಸಾಲದು. ಹಿಂದಿನ ದಿನ ಅದರ ಫೋಟೋ ಕಳಿಸಲು ಹೇಳಿ.

ಗಾಡಿ ಬಾಡಿಗೆಗೆ ಹಿಡಿಯದೆ ಇರುವುದೂ ಒಂದು ಆಯ್ಕೆ. ಮಂಗಳೂರು, ಉಡುಪಿ, ಕುಂದಾಪುರ ಸಾಲಿನಲ್ಲಿ ಬಸ್‌ಗಳಿಗೆ ಬರ ಇಲ್ಲ. ಎಂಟು ಹತ್ತು ಹೆಂಗಸರು ಸೇರಿ ದೇವಸ್ಥಾನಕ್ಕೆ ಹೋಗುವುದಾದರೆ, 2023ರ ಜೂನ್ 11ರಿಂದ ಶುರುವಾದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡೇ ಇಲ್ಲ. ಬಾಡಿಗೆಗೆ ಹಿಡಿದ ಕೆಎಸ್‌ಆರ್‌ಟಿಸಿ ಬಸ್‌ಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಹಾಗೆಯೇ ಬೆಂಗಳೂರಿನಿಂದ ಬರುವ ಗುಂಪಿನವರು ಅಲ್ಲಿಂದಲೇ ಬಸ್ ಹಿಡಿದು ರಾತ್ರಿ ಶಿರಾಡಿ ಘಾಟಿ ಇಳಿಯುವ ಬದಲು, ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಮಲಗಿಕೊಂಡು ಬಂದು ಉಡುಪಿ ಸ್ಟೇಷನ್ನಿಂದ ಲೋಕಲ್ ಗಾಡಿ ಹಿಡಿಯಬಹುದು. ಮಕ್ಕಳು, ಮುದುಕರು ಇದ್ದರೆ ನಾನು ಇದನ್ನೇ ಹೇಳುತ್ತೇನೆ.

ದಾರಿಯೇ ಗಾಡಿಯನ್ನು ತೀರ್ಮಾನಿಸುತ್ತದೆ

ಉಡುಪಿಯಿಂದ ಶೃಂಗೇರಿಗೆ ಹೊರಟಿದ್ದೀರಿ ಅಂತ ಇಟ್ಟುಕೊಳ್ಳಿ. 45 ಜನ. ತಲೆಗೆ ಕಡಿಮೆ ಬೀಳುತ್ತದೆ ಅಂತ ಒಂದು ದೊಡ್ಡ ಬಸ್ ಹೇಳಿದಿರಿ. ದಾರಿ ಹೆಬ್ರಿ, ಸೋಮೇಶ್ವರ, ಆಗುಂಬೆ. ಸೋಮೇಶ್ವರದಿಂದ ಮೇಲೆ 14 ಹೇರ್‌ಪಿನ್ ತಿರುವುಗಳಿವೆ. ಉದ್ದದ ಬಸ್ ಅಲ್ಲಿ ತಿರುಗುವುದಿಲ್ಲ. ಆ ಲೈನಿನಲ್ಲಿ ಶಿವಮೊಗ್ಗಕ್ಕೆ ಓಡುವ ಬಸ್‌ಗಳನ್ನು ನೋಡಿದ್ದೀರಲ್ವಾ, ಎಲ್ಲ ಮಿನಿ ಬಸ್. ಹಾಗಾಗಿ ನಿಮ್ಮ ದೊಡ್ಡ ಬಸ್ ಕಾರ್ಕಳ, ಬಜಗೋಳಿ, ಮಾಳ, ಕೆರೆಕಟ್ಟೆ ಮೇಲೆ ಹೋಗಬೇಕು. ಅದೂ ಚಂದದ ಕಾಡು ದಾರಿಯೇ. ಆದರೆ ಆಗುಂಬೆಯ ಸೂರ್ಯಾಸ್ತ ತೋರಿಸುತ್ತೇನೆ ಅಂತ ಅಜ್ಜಿಗೆ ಮಾತು ಕೊಟ್ಟಿದ್ದರೆ ಆ ಮಾತು ಹೋಯಿತು.

ಇಂಥ ಟ್ರಿಪ್‌ಗೆ 45 ಜನರಿಗೆ ಎರಡು ಮಿನಿ ಬಸ್ ಸರಿ. ಖರ್ಚು ಸ್ವಲ್ಪ ಜಾಸ್ತಿ. ಆದರೆ ಒಂದು ಕೆಟ್ಟು ನಿಂತರೆ ಇನ್ನೊಂದು ಇರುತ್ತದೆ. ಘಾಟಿಯ ನಡುವೆ ಮೊಬೈಲ್ ಸಿಗ್ನಲ್ ಸಿಗದ ಕಡೆ ಇದರ ಬೆಲೆ ಗೊತ್ತಾಗುತ್ತದೆ. ಎರಡು ಗಾಡಿ ಮಾಡಿದರೆ ಊಟಕ್ಕೆ, ಟೀಗೆ ನಿಲ್ಲುವ ಜಾಗ ಮೊದಲೇ ಗೊತ್ತು ಮಾಡಿಕೊಳ್ಳಿ. ಒಂದು ಗಾಡಿ ಇನ್ನೊಂದರ ಹಿಂದೆ ಓಡಿ ಹಿಡಿಯುವ ಪರಿಸ್ಥಿತಿ ತಿರುವಿನ ದಾರಿಯಲ್ಲಿ ಬರಲೇಬಾರದು.

ಕೊಲ್ಲೂರು, ಧರ್ಮಸ್ಥಳ, ಕಟೀಲು, ಮುರುಡೇಶ್ವರಕ್ಕೆ ಈ ತಲೆಬಿಸಿ ಇಲ್ಲ. ಉಡುಪಿಯಿಂದ ಇವಕ್ಕೆ ಘಾಟಿ ಹತ್ತದೆ ಹೋಗಬಹುದು, ದೊಡ್ಡ ಬಸ್ ಆರಾಮಾಗಿ ಓಡುತ್ತದೆ, ನಿಲ್ಲಿಸಲೂ ಜಾಗ ಇದೆ. ಇಲ್ಲಿ ಒಂದೇ ಬಸ್ಸಿನಲ್ಲಿ ಎಲ್ಲರೂ ಒಟ್ಟಿಗೆ ಹೋಗುವ ಸುಖವನ್ನು ಬಿಡಬೇಡಿ. ಭಜನೆ, ಅಂತ್ಯಾಕ್ಷರಿ, ಚಕ್ಕುಲಿ ಡಬ್ಬಿ ಹಿಂದಿನ ಸೀಟಿನ ತನಕ ಹೋಗಿ ಬರುವುದು, ಇದೆಲ್ಲ ಎರಡು ಟಿಟಿಯಲ್ಲಿ ಹಂಚಿಹೋಗುತ್ತದೆ. ಕೊಡಚಾದ್ರಿ ಸೇರಿಸುವ ಯೋಚನೆ ಇದ್ದರೆ ಮಾತ್ರ, ಮೇಲಕ್ಕೆ ಜೀಪೇ ಗತಿ. ಅದರ ಬಾಡಿಗೆ ಬೇರೆ ಲೆಕ್ಕ.

ಮಳೆಗಾಲದ ಮಾತೇ ಬೇರೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಕುಸಿದದ್ದು, 2024ರ ಜುಲೈಯಲ್ಲಿ ಶಿರಾಡಿ ದಾರಿಯ ದೋಣಿಗಲ್‌ನಲ್ಲಿ ಗುಡ್ಡ ಜಾರಿದ್ದು ನೆನಪಿದೆಯಲ್ವಾ. ಗುಡ್ಡ ಜಾರುವ ಭಯ ಇದ್ದಾಗ ಜಿಲ್ಲಾಡಳಿತ ಮೊದಲು ನಿಲ್ಲಿಸುವುದು ಭಾರೀ ವಾಹನಗಳನ್ನು. ಟಿಟಿ ಬಿಟ್ಟರೂ ಬಸ್ ಬಿಡದೆ ಇರಬಹುದು. ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟದ ಮೇಲೆ ಹೋಗುವುದಿದ್ದರೆ ಗಾಡಿ ಚಿಕ್ಕದಿರಲಿ, ಮತ್ತು ಸುತ್ತುದಾರಿ ಹಿಡಿದರೆ ಎಷ್ಟು ಕಿಲೋಮೀಟರ್ ಜಾಸ್ತಿ, ಅದರ ದುಡ್ಡು ಯಾರದ್ದು ಎಂಬುದು ಮೊದಲೇ ಮಾತಾಗಿರಲಿ.

ದಾರಿಯ ಕೊನೆಯ ಅರ್ಧ ಕಿಲೋಮೀಟರನ್ನು ಜನ ಮರೆಯುತ್ತಾರೆ. ನಮ್ಮ ಕಡೆ ಮನೆಗಳು ಇರುವುದು ಒಳಗೆ. ಕಾಂಕ್ರೀಟ್ ರಸ್ತೆ ಇರುತ್ತದೆ, ಆದರೆ ಒಂದು ಕಾರು ಹೋಗುವಷ್ಟು. ಅಡಿಕೆ ತೋಟದ ಬದಿಯಲ್ಲಿ ಕಿರಿದಾದ ಮೋರಿ, ಮೇಲೆ ಜೋತ ಕರೆಂಟ್ ತಂತಿ, ತಿರುವಿನಲ್ಲಿ ಕಲ್ಲಿನ ಪಾಗಾರ. ದೊಡ್ಡ ಬಸ್ ಮುಖ್ಯ ರಸ್ತೆಯಲ್ಲೇ ನಿಲ್ಲುತ್ತದೆ. ರೇಷ್ಮೆ ಸೀರೆಯುಟ್ಟವರು, ಮಂಡಿ ನೋವಿನ ದೊಡ್ಡಮ್ಮ, ಹೂವಿನ ಬುಟ್ಟಿ, ಎಲ್ಲವೂ ನಡೆದು ಬರಬೇಕು. ಅಂಥ ಮನೆಯಾದರೆ ದೊಡ್ಡ ಬಸ್ಸಿನ ಜೊತೆ ಎರಡು ರಿಕ್ಷಾ ಹೇಳಿಡಿ. ಇಲ್ಲವೇ ಮಿನಿ ಬಸ್ ಹಿಡಿಯಿರಿ. ಗೊತ್ತಾಗದಿದ್ದರೆ ಆ ರಸ್ತೆಯ ಒಂದು ವಿಡಿಯೋ ಮಾಡಿ ಡ್ರೈವರ್‌ಗೆ ಕಳಿಸಿ. ಅವರು ನೋಡಿದ ಕೂಡಲೇ ಹೇಳಿಬಿಡುತ್ತಾರೆ.

ಕೂರುವವರು ಯಾರು

ಟಿಟಿಯ ಮೆಟ್ಟಿಲು ತಗ್ಗು. ಮುಂದಿನ ಸಾಲಿನಲ್ಲಿ ಅಜ್ಜನನ್ನು ಕೂರಿಸುವುದು ಸುಲಭ. ದೊಡ್ಡ ಟೂರಿಸ್ಟ್ ಬಸ್ಸಿಗೆ ಮೂರು ನಾಲ್ಕು ಎತ್ತರದ ಮೆಟ್ಟಿಲು. ವಯಸ್ಸಾದವರು ಒಂದು ಸಲ ಹತ್ತಿದರೆ ದಾರಿಯಲ್ಲಿ ಇಳಿಯಲು ಮನಸ್ಸು ಮಾಡುವುದಿಲ್ಲ. ನೀರೂ ಕುಡಿಯುವುದಿಲ್ಲ. ನಾಲ್ಕೈದು ಜನ ಹಿರಿಯರಿದ್ದರೆ ಹೋಗಿ ಗಾಡಿ ನೋಡಿ ಬನ್ನಿ, ಮೆಟ್ಟಿಲ ಪಕ್ಕ ಹಿಡಿಕೆ ಇದೆಯಾ ನೋಡಿ.

ಘಾಟಿಯಲ್ಲಿ ವಾಂತಿಯಾಗುವವರಿಗೆ ಉದ್ದದ ಗಾಡಿಯ ಹಿಂದಿನ ಸೀಟು ಬೇಡವೇ ಬೇಡ. ಹಿಂದಿನ ಚಕ್ರದ ಆಚೆ ಇರುವ ಭಾಗ ಪ್ರತಿ ತಿರುವಿನಲ್ಲಿ ಬೀಸುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಸೀಟು ಅವರಿಗಿರಲಿ. ಮಕ್ಕಳಿಗೂ ಅಷ್ಟೇ.

ಎಸಿ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಬೇರೆ. ಎಸಿ ಬೇಸಿಗೆಗೆ ಮಾತ್ರ ಅಂತ ಎಲ್ಲರೂ ತಿಳಿಯುತ್ತಾರೆ. ನಿಜವಾಗಿ ಕರಾವಳಿಯಲ್ಲಿ ಅದು ಜುಲೈಯಲ್ಲೂ ಬೇಕು. ಮಳೆ ಹೊಯ್ಯುವಾಗ ಕಿಟಕಿ ಮುಚ್ಚಲೇಬೇಕು. ಮುಚ್ಚಿದರೆ ಒಳಗೆ ಸೆಕೆ, ಗಾಜೆಲ್ಲ ಮಸುಕು. ಆದರೆ ಡಿಸೆಂಬರ್, ಜನವರಿಯ ಬೆಳಗಿನ ಟ್ರಿಪ್‌ಗೆ ಎಸಿಗೆ ದುಡ್ಡು ಹಾಕುವುದು ಸುಮ್ನೆ. ಎಸಿ ಗಾಡಿ ಹೇಳಿದರೆ ಒಂದು ಮಾತು ಕೇಳಿ: ಘಾಟಿ ಹತ್ತುವಾಗ ಆಫ್ ಮಾಡುತ್ತೀರಾ, ನಿಂತಾಗ ಹಾಕುತ್ತೀರಾ? ಜಗಳ ಬರುವುದು ಅಲ್ಲೇ.

ಸಾಮಾನು ಜಾಸ್ತಿ ಇದ್ದರೆ ಟಿಟಿ ಬೇಗ ತುಂಬಿಹೋಗುತ್ತದೆ. ಎರಡು ರಾತ್ರಿಯ ಟೂರ್‌ಗೆ 12 ಜನ ಹೊರಟರೆ 17 ಸೀಟಿನದ್ದು ಹಿಡಿಯಿರಿ. ಮೇಲಿನ ಕ್ಯಾರಿಯರ್‌ಗೆ ಕಟ್ಟುವುದಾದರೆ ಟಾರ್ಪಾಲು ಇದೆಯಾ ಕೇಳಿ.

ಈಗ ರೇಟ್

ಕಿಲೋಮೀಟರ್ ರೇಟ್ ನೋಡಿ ಗಾಡಿ ಆರಿಸಿದರೆ ಲೆಕ್ಕ ತಪ್ಪುವುದು ಖಂಡಿತ. ಯಾಕೆ ಅಂತ ಒಂದು ಉದಾಹರಣೆಯಲ್ಲಿ ನೋಡೋಣ. ಈ ರೇಟ್‌ಗಳು ಬರೀ ಲೆಕ್ಕಕ್ಕೆ, ಮಾರ್ಕೆಟ್ ರೇಟ್ ಅಲ್ಲ.

ಒಬ್ಬರು ಕಿಲೋಮೀಟರಿಗೆ 28 ರೂಪಾಯಿ ಎಂದರು, ದಿನಕ್ಕೆ ಮಿನಿಮಂ 300 ಕಿ.ಮೀ., ಅಂದರೆ ಅದಕ್ಕಿಂತ ಕಡಿಮೆ ಓಡಿದರೂ 300ರ ದುಡ್ಡು ಕೊಡಬೇಕು. ಇನ್ನೊಬ್ಬರು 34 ರೂಪಾಯಿ, ಮಿನಿಮಂ 200 ಕಿ.ಮೀ. ಉಡುಪಿಯಿಂದ ಕೊಲ್ಲೂರಿಗೆ ಹೋಗಿ ಬಂದರೆ ಹೆಚ್ಚುಕಡಿಮೆ 160 ಕಿ.ಮೀ. ಮೊದಲನೆಯವರಿಗೆ ಕೊಡಬೇಕಾದ್ದು 8,400. ಎರಡನೆಯವರಿಗೆ 6,800. ರೇಟ್ ಜಾಸ್ತಿ ಹೇಳಿದವರೇ 1,600 ರೂಪಾಯಿ ಅಗ್ಗ! ಅದೇ ಹೊರನಾಡು, ಶೃಂಗೇರಿ ಸುತ್ತಿ 320 ಕಿ.ಮೀ. ಓಡಿದರೆ ಮೊದಲನೆಯವರದ್ದು 8,960, ಎರಡನೆಯವರದ್ದು 10,880. ಆಗ ಮೊದಲನೆಯವರೇ ಸರಿ. ಹಾಗಾಗಿ ಫೋನ್ ಮಾಡುವ ಮೊದಲು ನಿಮ್ಮ ಒಟ್ಟು ಕಿಲೋಮೀಟರ್ ಬರೆದಿಟ್ಟುಕೊಳ್ಳಿ. ಹತ್ತಿರದ ಟ್ರಿಪ್‌ಗೆ ಮಿನಿಮಂ ಕಡಿಮೆ ಇರುವವರು ಅಥವಾ ಇಡೀ ದಿನಕ್ಕೆ ಇಷ್ಟು ಅಂತ ಒಂದೇ ಮೊತ್ತ ಹೇಳುವವರು ಒಳ್ಳೆಯದು. ದೂರಕ್ಕೆ ಕಿ.ಮೀ. ರೇಟ್ ಕಡಿಮೆ ಇರುವವರು.

ಕಿ.ಮೀ. ಎಲ್ಲಿಂದ ಶುರು ಎಂಬುದೂ ಮುಖ್ಯ. ಹೆಚ್ಚಿನವರು ಶೆಡ್‌ನಿಂದ ಶೆಡ್‌ಗೆ ಎಣಿಸುತ್ತಾರೆ. ಶೆಡ್ ಮಂಗಳೂರಿನಲ್ಲಿದ್ದರೆ ಉಡುಪಿಗೆ ಬಂದು ಹೋಗುವುದಕ್ಕೇ ನೂರು ಕಿ.ಮೀ. ದಾಟುತ್ತದೆ. ರೇಟ್ ಎಷ್ಟೇ ಕಡಿಮೆ ಇರಲಿ, ಒಂದು ದಿನದ ಟ್ರಿಪ್‌ಗೆ ಊರಿನ ಗಾಡಿಯೇ ಲಾಭ.

"ಒಂದು ದಿನ" ಅಂದರೇನು? ಕೆಲವರಿಗೆ ಅದು 24 ಗಂಟೆ. ಇನ್ನು ಕೆಲವರಿಗೆ ರಾತ್ರಿ ಹನ್ನೆರಡು ಹೊಡೆದರೆ ಹೊಸ ದಿನ. ಶುಕ್ರವಾರ ರಾತ್ರಿ 11ಕ್ಕೆ ಹೊರಟು ಶನಿವಾರ ರಾತ್ರಿ 1 ಗಂಟೆಗೆ ಮನೆ ಸೇರಿದರೆ ಇವರ ಲೆಕ್ಕದಲ್ಲಿ ಮೂರು ದಿನ. ಇದನ್ನು ಮೊದಲೇ ಕೇಳಿ, ಒಂದು ಗಂಟೆ ತಡವಾಗಿ ಹೊರಟರೆ ಒಂದು ದಿನದ ಬಾಡಿಗೆಯೇ ಉಳಿಯುತ್ತದೆ.

ಉಳಿದದ್ದು ಬಾಟಾ (ಡ್ರೈವರ್‌ನ ದಿನದ ಭತ್ಯೆ), ಟೋಲ್, ಪಾರ್ಕಿಂಗ್, ಜಿಎಸ್‌ಟಿ, ಹೊರ ರಾಜ್ಯದ ಟ್ಯಾಕ್ಸ್. ಟೋಲ್‌ಗಳು ಹೆದ್ದಾರಿ 66ರಲ್ಲಿ ತಲಪಾಡಿ, ಹೆಜಮಾಡಿ, ಸಾಸ್ತಾನ, ಶಿರೂರಿನಲ್ಲಿವೆ. ಸುರತ್ಕಲ್‌ನದ್ದು 2022ರ ಡಿಸೆಂಬರ್ 1ರಿಂದ ಇಲ್ಲ. ಫಾಸ್ಟ್ಯಾಗ್ ಮೆಸೇಜ್ ತೋರಿಸಿ ಎಂದರೆ ಟೋಲ್ ಲೆಕ್ಕ ಅಲ್ಲಿಗೆ ಮುಗಿಯಿತು. ತಲಪಾಡಿ ದಾಟಿದರೆ ಕೇರಳ. ಮಧೂರು ದೇವಸ್ಥಾನ ನಮಗೆ ಪಕ್ಕದ ಊರಿನ ಹಾಗೆ ಅನಿಸಬಹುದು, ಗಾಡಿಯ ಪರ್ಮಿಟ್‌ಗೆ ಅದು ಬೇರೆ ರಾಜ್ಯ. ಕರ್ನಾಟಕಕ್ಕೆ ಮಾತ್ರ ಪರ್ಮಿಟ್ ಇರುವ ಗಾಡಿ ಅಲ್ಲಿಗೆ ಸಾಲದು. ಶಬರಿಮಲೆಗೆ ಹೋಗುವವರಿಗೆ ಇದರ ಮೇಲೆ ಇನ್ನೊಂದು: ದೊಡ್ಡ ಗಾಡಿ ನಿಲಯ್ಕಲ್‌ನಲ್ಲೇ ನಿಲ್ಲಬೇಕು, ಅಲ್ಲಿಂದ ಪಂಪಾಕ್ಕೆ ಕೇರಳದ ಸರ್ಕಾರಿ ಬಸ್.

ಖಾಸಗಿ ಬಸ್ಸೋ, ಕೆಎಸ್‌ಆರ್‌ಟಿಸಿಯೋ? ಲೆಕ್ಕ ಬಾಯಿಪಾಠದ ಹಾಗೆ ಸ್ಪಷ್ಟವಾಗಿರಬೇಕು, ರಸೀದಿ ಬೇಕು ಎನ್ನುವ ಶಾಲೆ, ಸಂಘ, ಕಚೇರಿಯವರು ಕೆಎಸ್‌ಆರ್‌ಟಿಸಿ ನೋಡಲಿ. ಮಿನಿಮಂ ಕಿ.ಮೀ. ಅಲ್ಲೂ ಇದೆ, ಹಣ ಮೊದಲೇ ಕಟ್ಟಬೇಕು, ದಾರಿಯಲ್ಲಿ ಪ್ಲಾನ್ ಬದಲಿಸುವುದು ಕಷ್ಟ. "ಇಲ್ಲೇ ಹತ್ತಿರ ನಮ್ಮ ಚಿಕ್ಕಪ್ಪನ ಮನೆ, ಒಂದು ಹತ್ತು ನಿಮಿಷ" ಎನ್ನುವ ಕುಟುಂಬದವರಿಗೆ ಖಾಸಗಿಯೇ ಹೊಂದುತ್ತದೆ.

ಕಾಗದಪತ್ರ: ಎರಡು ನಿಮಿಷದ ಕೆಲಸ

ಗಾಡಿಯ ನಂಬರ್ ಕೇಳಿ ತೆಗೆದುಕೊಳ್ಳಿ. ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ. ಫಿಟ್‌ನೆಸ್ ಯಾವಾಗಿನ ತನಕ, ಇನ್ಶೂರೆನ್ಸ್ ಇದೆಯಾ, ಪರ್ಮಿಟ್ ಇದೆಯಾ, ಸೀಟು ಎಷ್ಟು, ಎಲ್ಲ ಕಾಣುತ್ತದೆ. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು. ಹೊರಡುವ ದಿನ ಅದೇ ನಂಬರಿನ ಗಾಡಿ ಬಂದಿದೆಯಾ ನೋಡಿ. ಸೀಸನ್‌ನಲ್ಲಿ ಒಂದು ತೋರಿಸಿ ಇನ್ನೊಂದು ಕಳಿಸುವುದು ನಡೆಯುತ್ತದೆ.

ಬಿಳಿ ಬೋರ್ಡ್ ಗಾಡಿ ಬೇಡ. ಪರಿಚಯದವರದ್ದಾದರೂ ಬೇಡ. ಸ್ವಂತಕ್ಕೆ ಅಂತ ಇರುವ ಗಾಡಿಯನ್ನು ಬಾಡಿಗೆಗೆ ಓಡಿಸಿದಾಗ ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಕೈ ಎತ್ತಬಹುದು. ಭಾನುವಾರದ ಮದುವೆಗೆ ಶಾಲೆ ಬಸ್ ಹಿಡಿಯುವುದೂ ನಮ್ಮಲ್ಲಿ ಉಂಟು, ಕಡಿಮೆಗೆ ಸಿಗುತ್ತದೆ ಅಂತ. ಕಾನೂನಿನ ಪ್ರಕಾರ ಆ ಬಸ್ ಇರುವುದು ಶಾಲೆಯ ಮಕ್ಕಳಿಗೆ, ಸಿಬ್ಬಂದಿಗೆ ಮಾತ್ರ. ನೆಂಟರನ್ನು ಅದರಲ್ಲಿ ಕೂರಿಸುವುದು ಅವರ ಜೀವದ ಜೊತೆ ಚೌಕಾಶಿ ಮಾಡಿದಂತೆ. ಸೀಟಿಗಿಂತ ಜಾಸ್ತಿ ಜನ ತುಂಬುವುದಕ್ಕೂ ಇದೇ ಮಾತು. "ಹತ್ತಿರ ಅಲ್ವಾ, ನಿಂತು ಬರ್ತಾರೆ" ಅಂತ ಹೇಳುವವರು ಮನೆಯಲ್ಲಿ ಇದ್ದೇ ಇರುತ್ತಾರೆ. ಅವರಿಗಾಗಿ ಮೊದಲೇ ಒಂದು ಸೈಜ್ ದೊಡ್ಡ ಗಾಡಿ ಹಿಡಿಯಿರಿ.

ಡ್ರೈವರ್ ನಿದ್ದೆ ಮಾಡಿದ್ದಾರಾ?

ಇಷ್ಟೂ ಬರೆದದ್ದರಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಡಿ. ಮದುವೆ ದಿನ ಡ್ರೈವರ್ ಮುಂಜಾನೆ ನಾಲ್ಕೂವರೆಗೆ ಶೆಡ್ ಬಿಡುತ್ತಾರೆ. ಮುಹೂರ್ತ, ಊಟ, ಸಂಜೆ ರಿಸೆಪ್ಶನ್, ವಾಪಸ್. ರಾತ್ರಿ ಹನ್ನೊಂದಾದರೂ ಸ್ಟೇರಿಂಗ್ ಅವರ ಕೈಯಲ್ಲೇ. ಹದಿನೆಂಟು ಗಂಟೆ ದಾಟಿತು. ಮೋಟಾರ್ ಸಾರಿಗೆ ಕಾರ್ಮಿಕರಿಗೆ ಅಂತ 1961ರಲ್ಲಿ ಬಂದ ಕಾಯ್ದೆ ಇಟ್ಟಿದ್ದ ಅಳತೆ ದಿನಕ್ಕೆ 8 ಗಂಟೆ ಕೆಲಸ, ಐದು ಗಂಟೆಯೊಳಗೆ ಅರ್ಧ ಗಂಟೆ ಬಿಡುವು. ಹಿಂದಿನ ದಿನ ಅವರು ಲೈನಿನಲ್ಲಿ ಓಡಿಸಿದ್ದಾರಾ, ರಾತ್ರಿ ಬೇರೆ ಟ್ರಿಪ್ ಮುಗಿಸಿ ಬಂದಿದ್ದಾರಾ ಅಂತ ನಾವು ಕೇಳುವುದೇ ಇಲ್ಲ.

ಕೇಳಿ. ಮಾಲಕರನ್ನೂ ಕೇಳಿ, ಬೆಳಿಗ್ಗೆ ಡ್ರೈವರ್‌ನನ್ನೂ ಕೇಳಿ. ಹನ್ನೆರಡು ಗಂಟೆ ದಾಟುವ ಟ್ರಿಪ್‌ಗೆ ಎರಡನೇ ಡ್ರೈವರ್ ಬೇಕೆಂದು ಹೇಳಿ, ದುಡ್ಡು ಕೊಡಿ. 1,500 ರೂಪಾಯಿ ಆಯಿತು ಎಂದರೂ 30 ಜನರಲ್ಲಿ ತಲೆಗೆ 50. ಎಸಿಗೆ ಇದಕ್ಕಿಂತ ಜಾಸ್ತಿ ಕೊಡುತ್ತೇವೆ. ಎರಡು ಗಾಡಿಗಳ ರೇಟ್ ಒಂದೇ ಇದ್ದು, ಒಬ್ಬರು ಎರಡನೇ ಡ್ರೈವರ್ ಕೊಡುತ್ತೇನೆ, ಇನ್ನೊಬ್ಬರು ಟಿವಿ, ಡಿಜೆ ಲೈಟ್ ಕೊಡುತ್ತೇನೆ ಅಂದರೆ ಯಾರನ್ನು ಆರಿಸಬೇಕು ಅಂತ ಹೇಳಬೇಕಾಗಿಲ್ಲ.

ಹರಕೆ ಆಟಕ್ಕೋ (ಯಕ್ಷಗಾನ) ನೇಮಕ್ಕೋ (ದೈವಾರಾಧನೆ) ಟಿಟಿ ಮಾಡಿಕೊಂಡು ಹೋಗುವವರು ಬೆಳಗಿನ ಜಾವ ವಾಪಸ್ ಹೊರಡುತ್ತಾರೆ. ಅದು ನಿದ್ದೆ ಕಣ್ಣಿಗೆ ಕಟ್ಟುವ ಹೊತ್ತು. ನೀವು ಆಟ ನೋಡುವಷ್ಟು ಹೊತ್ತು ಡ್ರೈವರ್ ಮಲಗಲು ಜಾಗ ಇದೆಯಾ ನೋಡಿ. ಚೆಂಡೆಯ ಸದ್ದಿನಿಂದ ದೂರ ಗಾಡಿ ನಿಲ್ಲಿಸಲು ಹೇಳಿ. ಮದುವೆಯಲ್ಲಿ ಡ್ರೈವರ್, ಕ್ಲೀನರ್ ಇಬ್ಬರಿಗೂ ಮೊದಲ ಪಂಕ್ತಿಯಲ್ಲೇ ಊಟ ಹಾಕಿಸಿ, ಎರಡು ಗಂಟೆ ಮಲಗಲು ಒಂದು ಕೋಣೆ ಕೊಡಿಸಿ. ಇದಕ್ಕೆ ಮನೆಯಲ್ಲಿ ಒಬ್ಬ ಹುಡುಗನನ್ನು ಜವಾಬ್ದಾರಿ ಮಾಡಿ.

ಯಾವಾಗ ಹೇಳಬೇಕು

ಏಪ್ರಿಲ್, ಮೇ ಮದುವೆ. ಡಿಸೆಂಬರ್, ಜನವರಿಯಲ್ಲಿ ಶಾಲೆ ಪ್ರವಾಸ, ಅಯ್ಯಪ್ಪ ಮಾಲಾಧಾರಿಗಳು. 2024, 2026ರ ಹಾಗೆ ಸಮ ವರ್ಷಗಳಲ್ಲಿ ಜನವರಿ 18ರ ಪರ್ಯಾಯದ (ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ) ಆಸುಪಾಸು ಉಡುಪಿಯಲ್ಲಿ ಗಾಡಿ ಹುಡುಕುವುದೇ ಒಂದು ಕೆಲಸ. ಈ ದಿನಗಳಿಗೆ ಒಂದೂವರೆ, ಎರಡು ತಿಂಗಳು ಮೊದಲೇ ಮಾತಾಡಿ. ಆಟಿ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ) ಮದುವೆ ಇಲ್ಲ, ಗಾಡಿಗಳು ಖಾಲಿ, ಚೌಕಾಶಿಗೆ ಜಾಗ ಇದೆ. ಘಾಟಿ ಹತ್ತದ ಟ್ರಿಪ್ ಆದರೆ ಆಗ ಹೊರಡುವುದು ಒಳ್ಳೆಯ ಯೋಚನೆ.

ಅಡ್ವಾನ್ಸ್ ಕಾಲು ಭಾಗಕ್ಕಿಂತ ಜಾಸ್ತಿ ಬೇಡ. ಕೊಟ್ಟ ಮೇಲೆ ವಾಟ್ಸ್ಆ್ಯಪ್‌ನಲ್ಲಿ ಇಷ್ಟು ಬರೆಸಿಕೊಳ್ಳಿ: ಗಾಡಿ ನಂಬರ್, ಸೀಟು, ಎಸಿ ಇದೆಯೋ ಇಲ್ಲವೋ, ಹೊರಡುವ ಹೊತ್ತು, ಕಿ.ಮೀ. ಎಲ್ಲಿಂದ, ಮಿನಿಮಂ ಎಷ್ಟು, ದಿನದ ಲೆಕ್ಕ ಹೇಗೆ, ಬಾಟಾ ಎಷ್ಟು, ಟೋಲ್ ಯಾರದ್ದು. ಘಾಟಿ ಬಂದ್ ಆಗಿ ಟ್ರಿಪ್ ನಿಂತರೆ ಅಡ್ವಾನ್ಸ್ ವಾಪಸ್ ಬರುತ್ತದಾ, ಬೇರೆ ದಿನಕ್ಕೆ ಹಾಕುತ್ತಾರಾ ಎಂಬುದೂ ಅದರಲ್ಲೇ ಇರಲಿ. ಹೊರಡುವ ಮೊದಲು ಮೀಟರ್ ರೀಡಿಂಗ್‌ನ ಫೋಟೋ ತೆಗೆಯಿರಿ, ಇಳಿದ ಮೇಲೆ ಇನ್ನೊಂದು. ಬಾಕಿ ಹಣ ಕೊಡುವುದು ಆ ಎರಡನೇ ಫೋಟೋ ತೆಗೆದ ಮೇಲೆ.